ಪಿಎಸ್2 ಬಯೋಸ್ ಡಂಪ್: ಸೈಜ್ ಕರೆಕ್ಟಾಗಿದೆ, ಹ್ಯಾಶ್ ಮಾತ್ರ ಯಾವ್ದಕ್ಕೂ ಹೊಂದ್ತಿಲ್ಲ, ಎಲ್ಲಿ ನೋಡ್ಬೇಕು?

ಒಂಟಿಕೊಪ್ಪಲ್_ಗೇಮರ್:

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಹಳೇ ದಪ್ಪ ಪಿಎಸ್2 (ಸೋನಿ ಪ್ಲೇಸ್ಟೇಷನ್ 2) ಗೇಮ್ ಕನ್ಸೋಲ್ ಒಂದಿದೆ, ಮಾಡೆಲ್ ಎಸ್‌ಸಿಪಿಎಚ್-50006, ನಮ್ಮಣ್ಣ ಕಾಲೇಜಲ್ಲಿದ್ದಾಗ ತಗೊಂಡಿದ್ದು. ಲೆನ್ಸ್ ವೀಕಾಗಿ ಈಗ ಡಿಸ್ಕ್ ಓದಲ್ಲ, ಆದ್ರೆ ಮೆಮೊರಿ ಕಾರ್ಡಲ್ಲಿ ಫ್ರೀ ಎಂಸಿಬೂಟ್ (ಡಿಸ್ಕ್ ಇಲ್ದೇ ಬೇರೆ ಪ್ರೋಗ್ರಾಂ ಶುರು ಮಾಡ್ಸೋದು) ಇದೆ, ಅದರಿಂದ ಯುಲಾಂಚ್‌ಇಎಲ್‌ಎಫ್ ಅನ್ನೋ ಫೈಲ್ ಮ್ಯಾನೇಜರ್ ಓಪನ್ ಮಾಡಿ ಪೆನ್‌ಡ್ರೈವಲ್ಲಿರೋ ಬಯೋಸ್‌ಡ್ರೇನ್ ಓಡಿಸ್ದೆ, ಬಯೋಸನ್ನ (ಕನ್ಸೋಲ್ ಆನ್ ಆದಾಗ ಮೊದ್ಲು ಓಡೋ ಒಳಗಿನ ಸಾಫ್ಟ್‌ವೇರ್) ಡಂಪ್ ಮಾಡೋ, ಅಂದ್ರೆ ಫೈಲಾಗಿ ಕಾಪಿ ತೆಗೆಯೋ ಟೂಲ್ ಅದು. ರೋಮ್0, ರೋಮ್1, ಇರೋಮ್, ಎನ್‌ವಿಎಂ, ಎಂಇಸಿ ಅಂತ ಫೈಲುಗಳು ಬಂದ್ವು. ಮುಖ್ಯ ಬಯೋಸ್ ಇರೋ ರೋಮ್0 ಸೈಜ್ ಕರೆಕ್ಟಾಗಿ 41,94,304 ಬೈಟ್ ಇದೆ, ಎಲ್ಲಾ ಕಡೆ ಇಷ್ಟೇ ಇರ್ಬೇಕು ಅಂತ ಬರ್ದಿದ್ದಾರೆ. ಆದ್ರೆ ಪಿಸಿಎಸ್‌ಎಕ್ಸ್2 ಎಮ್ಯುಲೇಟರಿನ (ಪಿಎಸ್2 ಗೇಮನ್ನ ಕಂಪ್ಯೂಟರಲ್ಲಿ ಓಡಿಸೋ ಪ್ರೋಗ್ರಾಂ) ಬಯೋಸ್ ಲಿಸ್ಟಲ್ಲಿ ಅದು ಕಾಣಿಸ್ತಾನೇ ಇಲ್ಲ.

ಸರಿ ಅಂತ ಇನ್ನೊಂದ್ಸಲ ಡಂಪ್ ತೆಗೆದೆ. ಈ ಸಲ ಲಿಸ್ಟಲ್ಲಿ ಬಂತು, ಏಷ್ಯಾ ಅಂತಾನೂ ತೋರಿಸ್ತು, ಸೆಲೆಕ್ಟ್ ಮಾಡಿ ಸ್ಟಾರ್ಟ್ ಕೊಟ್ರೆ ಸ್ಕ್ರೀನ್ ಕಪ್ಪಗೆ ನಿಂತ್ಕೊಂಡ್ಬಿಡತ್ತೆ. ಆಮೇಲೆ ಎರಡೂ ಫೈಲಿನ ಎಸ್‌ಎಚ್‌ಎ-1 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂಗೆ, ಒಂದು ಬೈಟ್ ಬೇರೆ ಆದ್ರೂ ಬದಲಾಗತ್ತೆ) ತೆಗೆದು ನೋಡಿದ್ರೆ ಒಂದಕ್ಕೊಂದು ಹೊಂದಲ್ಲ, ಸರಿಯಾದ ಡಂಪುಗಳ ಹ್ಯಾಶ್ ಪಟ್ಟಿ ಇರೋ ರೀಡಂಪ್ ಡ್ಯಾಟ್ ಫೈಲಲ್ಲಿರೋ ಯಾವ್ದಕ್ಕೂ ಹೊಂದಲ್ಲ. ಒಳಗೆ ಮಾಡ್‌ಚಿಪ್ (ಕಾಪಿ ಡಿಸ್ಕ್ ಓಡಿಸೋಕೆ ಹಾಕೋ ಚಿಪ್) ಬೇರೆ ಇದೆ, ಅಂಗಡಿಯವರೇ ಹಾಕಿ ಕೊಟ್ಟಿದ್ರು. ಬಯೋಸ್ ಚಿಪ್ಪೇ ಹೋಗ್ತಿದ್ಯಾ, ಮಾಡ್‌ಚಿಪ್ ಕಾಟಾನಾ, ಇಲ್ಲ ನಮ್ ಕಡೆ ಬಂದ ಏಷ್ಯಾ ಮಾಡೆಲ್ ಹ್ಯಾಶ್ ಯಾರೂ ದಾಖಲು ಮಾಡಿಲ್ವಾ ಅಂತ ಗೊತ್ತಾಗ್ತಿಲ್ಲ. ಎನ್‌ವಿಎಂ ಫೈಲಂತೂ ಯಾವ ಲಿಸ್ಟಲ್ಲೂ ಇಲ್ಲ. ಈ ಕನ್ಸೋಲ್ ಪೂರ್ತಿ ನಿಂತು ಹೋಗೋಕ್ ಮುಂಚೆ ಇದರದ್ದೇ ಸರಿಯಾದ ಕಾಪಿ ಒಂದು ಇಟ್ಕೋಬೇಕು ಅಂತ ಆಸೆ, ಗೊತ್ತಿರೋರು ದಯವಿಟ್ಟು ಹೇಳಿ.


ಸ್ಪೀಡ್‌ರನ್_ಶಿವು:

ಯಾಕ್ ಗುರು ಇಷ್ಟೆಲ್ಲಾ ಕಷ್ಟ, ಸರ್ಚ್ ಮಾಡಿದ್ರೆ ಎಲ್ಲಾ ಮಾಡೆಲ್ ಬಯೋಸೂ ಒಂದೇ ಜಿಪ್ಪಲ್ಲಿ ಸಿಗತ್ತೆ ಅಲ್ವಾ?


ಹೆಕ್ಸ್_ಭಟ್ರು:

ಶಿವು, ಆ ಜಿಪ್ಪುಗಳಲ್ಲಿ ಫೈಲಿನ ಹೆಸರು ಒಂದಿರತ್ತೆ ಒಳಗಿರೋದು ಇನ್ನೊಂದಿರತ್ತೆ, ಅಮೆರಿಕ ಮಾಡೆಲ್ ಹೆಸರಿಟ್ಟು ಒಳಗೆ ಯುರೋಪ್ ರೋಮ್ ಇರೋದನ್ನ ನಾನೇ ತೆಗೆದು ನೋಡಿದೀನಿ. ಕಾನೂನಿನ ವಿಷಯ ನಿರ್ವಾಹಕರು ಹೇಳ್ತಾರೆ, ನಾನು ಡಂಪಿನ ವಿಷಯಕ್ಕೆ ಬರ್ತೀನಿ.

ಒಂಟಿಕೊಪ್ಪಲ್ ಅವರೇ, ಡ್ಯಾಟ್ ಫೈಲಿಗೆ ಹೋಲಿಸೋದು ಆಮೇಲಿನ ಕೆಲಸ, ಮೊದ್ಲು ನಿಮ್ಮ ಡಂಪು ನಿಮ್ಮ ಡಂಪಿಗೇ ಹೊಂದ್ಬೇಕು. ರೋಮ್0 ಅನ್ನೋದು ಬರೆಯೋಕೆ ಬರದೇ ಇರೋ ಚಿಪ್, ಫ್ಯಾಕ್ಟರೀಲಿ ಏನು ಅಚ್ಚಾಯ್ತೋ ಅದೇ, ನಿನ್ನೆ ಓದಿದ ಬೈಟೇ ಇವತ್ತೂ ಬರ್ಬೇಕು. ಒಂದೇ ಕನ್ಸೋಲ್ ಒಂದೇ ಟೂಲ್ ಇಟ್ಕೊಂಡು ತೆಗೆದ ಎರಡು ಡಂಪ್ ಬೇರೆ ಬೇರೆ ಬಂದಿದೆ ಅಂದ್ರೆ ಅಲ್ಲಿಗೇ ಗೊತ್ತಾಯ್ತು, ಕನಿಷ್ಠ ಒಂದಂತೂ ಕೆಟ್ಟಿದೆ, ಮತ್ತೆ ನಿಮ್ಮದು ದಾಖಲಾಗದ ಹೊಸ ವರ್ಷನ್ ಇರ್ಬಹುದಾ ಅನ್ನೋ ಪ್ರಶ್ನೆ ಇನ್ನೂ ಹುಟ್ಟೇ ಇಲ್ಲ. ಚಿಪ್ ಹೋಗ್ತಿದೆ ಅನ್ನೋ ಭಯಾನೂ ಸದ್ಯಕ್ಕೆ ಬಿಡಿ, ರೋಮ್0 ಅಷ್ಟು ಹಾಳಾಗಿದ್ರೆ ಕನ್ಸೋಲ್ ಆನ್ ಆಗಿ ಮೆನು ತೋರ್ಸೋದೇ ಕಷ್ಟ ಆಗ್ತಿತ್ತು, ಯಾಕಂದ್ರೆ ಪವರ್ ಬಂದ ತಕ್ಷಣ ಪ್ರೊಸೆಸರ್ ಮೊದಲ ಇನ್‌ಸ್ಟ್ರಕ್ಷನ್ ಓದೋದೇ ಅದರಿಂದ.

ಸೈಜ್ ಸರಿ ಇದೆ ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ. ಎಫ್‌ಎಟಿ32 ಪೆನ್‌ಡ್ರೈವಲ್ಲಿ ಫೈಲಿನ ಸೈಜ್ ಡೈರೆಕ್ಟರಿ ಎಂಟ್ರೀಲಿ ಬರೆದಿರೋ ಒಂದು ಸಂಖ್ಯೆ ಅಷ್ಟೇ, ಒಳಗಿನ ಡೇಟಾ ಬೇರೆ ಜಾಗದಲ್ಲಿರತ್ತೆ, ನಡುವೆ ನಾಕಾರು ಬ್ಲಾಕ್ ಸರಿಯಾಗಿ ಬರೀಲಿಲ್ಲ ಅಂದ್ರೂ ಸಂಖ್ಯೆ 41,94,304 ಅಂತಾನೇ ತೋರ್ಸತ್ತೆ. ಸೈಜ್ ತಪ್ಪಿದ್ರೆ ಡಂಪ್ ತಪ್ಪು ಅಂತ ಹೇಳ್ಬಹುದು, ಸೈಜ್ ಸರಿ ಇದೆ ಅಂತ ಡಂಪ್ ಸರಿ ಅನ್ನೋಕಾಗಲ್ಲ.

ಲಿಸ್ಟಲ್ಲಿ ಕಾಣೋದು ಕಾಣದೇ ಇರೋದಕ್ಕೂ ಇದೇ ಮಾತು. ಪಿಸಿಎಸ್‌ಎಕ್ಸ್2 ಬಯೋಸನ್ನ ಲಿಸ್ಟಿಗೆ ಸೇರಿಸೋವಾಗ ಎಸ್‌ಎಚ್‌ಎ-1 ಎಲ್ಲಾ ನೋಡಲ್ಲ. ಅದು ಮಾಡೋದು ಇಷ್ಟು: ಫೈಲ್ 4 ಎಂಬಿಗಿಂತ ಚಿಕ್ಕದಿರಬಾರದು 8 ಎಂಬಿಗಿಂತ ದೊಡ್ಡದಿರಬಾರದು, ಆಮೇಲೆ ಒಳಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ರೀಸೆಟ್ ಅನ್ನೋ ಹೆಸರು ಹುಡುಕತ್ತೆ. ರೋಮ್0 ಒಳಗೊಂದು ಪುಟ್ಟ ಫೈಲ್ ಸಿಸ್ಟಮ್ ಇದೆ, ರೋಮ್‌ಡಿರ್ ಅಂತಾರೆ, ಒಂದೊಂದು ಎಂಟ್ರಿ 16 ಬೈಟು, ಅದರಲ್ಲಿ 10 ಬೈಟ್ ಹೆಸರು, 2 ಬೈಟ್ ಹೆಚ್ಚುವರಿ ಮಾಹಿತಿಯ ಸೈಜು, ಕೊನೇ 4 ಬೈಟ್ ಫೈಲ್ ಸೈಜು. ಮೊದಲನೇ ಎಂಟ್ರಿ ರೀಸೆಟ್. ವಿಳಾಸ ಎಲ್ಲೂ ಬರೆದಿಲ್ಲ, ಸೈಜುಗಳನ್ನ 16ರ ಗುಣಕಕ್ಕೆ ಏರಿಸಿ ಕೂಡಿಸ್ಕೊಂಡು ಹೋದ್ರೆ ಮುಂದಿನ ಫೈಲ್ ಎಲ್ಲಿದೆ ಅಂತ ಸಿಗತ್ತೆ. ಹಾಗೆ ಹೋಗ್ತಾ ರೋಮ್‌ವರ್ ಅನ್ನೋ ಫೈಲ್ ಸಿಕ್ರೆ ಅದರ 14 ಅಕ್ಷರ ಓದಿ ನಿಮಗೆ ಲಿಸ್ಟಲ್ಲಿ ದೇಶ, ವರ್ಷನ್, ತಾರೀಕು ತೋರಿಸತ್ತೆ. ಅಂದ್ರೆ ನಿಮ್ಮ ಮೊದಲನೇ ಡಂಪಲ್ಲಿ ಆ ಪಟ್ಟಿ ಇರೋ ಜಾಗವೇ ಹಾಳಾಗಿದೆ, ಎರಡನೇದರಲ್ಲಿ ಪಟ್ಟಿ ಚೆನ್ನಾಗಿದೆ ಆದ್ರೆ ಮುಂದೆ ಎಲ್ಲೋ ಕರ್ನಲ್ಲೋ ಇನ್ಯಾವುದೋ ಮಾಡ್ಯೂಲೋ ಕೆಟ್ಟಿದೆ, ಅದಕ್ಕೇ ಕಪ್ಪು ಸ್ಕ್ರೀನ್.

ಆ 14 ಅಕ್ಷರ ಓದೋದು ಕಲ್ತ್ಕೊಳ್ಳಿ, ತುಂಬಾ ಉಪಯೋಗ ಆಗತ್ತೆ. ಮೊದಲ 4 ಅಂಕೆ ವರ್ಷನ್, ಐದನೇ ಅಕ್ಷರ ಪ್ರದೇಶ, ಜೆ ಜಪಾನ್, ಎ ಅಮೆರಿಕ, ಇ ಯುರೋಪ್, ಎಚ್ ಏಷ್ಯಾ, ಸಿ ಚೀನಾ. ಆರನೇದು ಸಿ ಇದ್ರೆ ಅಂಗಡೀಲಿ ಮಾರೋ ಕನ್ಸೋಲ್, ಡಿ ಇದ್ರೆ ಡೆವಲಪರ್‌ಗಳಿಗೆ ಕೊಟ್ಟಿದ್ದು. ಕೊನೇ 8 ಅಂಕೆ ವರ್ಷ ತಿಂಗಳು ದಿನ. ಉದಾಹರಣೆಗೆ 0230ಇಸಿ20080220 ಅಂತಿದ್ರೆ 2.30 ವರ್ಷನ್, ಯುರೋಪಿನ ರಿಟೇಲ್ ಕನ್ಸೋಲ್, 2008ರ ಫೆಬ್ರವರಿ 20ರದ್ದು. ನಿಮ್ಮದರಲ್ಲಿ ಎಚ್ ಬರ್ಬೇಕು, ಏಷ್ಯಾ ಅಂತ ತೋರಿಸಿದೆ ಅಂದ್ರೆ ಅಷ್ಟು ಭಾಗ ಸರಿ ಇದೆ.

ಈಗ ಮಾಡ್ಬೇಕಾದ್ದು, ಎರಡು ಡಂಪನ್ನೂ ಬೈಟ್ ಬೈಟ್ ಹೋಲಿಸಿ. ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಎಫ್‌ಸಿ ಕಮಾಂಡಿಗೆ ಸ್ಲ್ಯಾಶ್ ಬಿ ಸೇರಿಸಿ ಎರಡು ಫೈಲ್ ಹೆಸರು ಕೊಡಿ, ಲಿನಕ್ಸಾದ್ರೆ ಸಿಎಂಪಿ ಇದೆ. ವ್ಯತ್ಯಾಸ ಇರೋ ವಿಳಾಸಗಳು ಬರ್ತವೆ. ಅದರಲ್ಲಿ ನೋಡ್ಬೇಕಾದ್ದು ಎಷ್ಟು ವ್ಯತ್ಯಾಸ ಅನ್ನೋದಕ್ಕಿಂತ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲತ್ತೆ ಅನ್ನೋದು. ಹೆಕ್ಸ್ (16ರ ಲೆಕ್ಕದ ಸಂಖ್ಯೆ) ವಿಳಾಸ 200 ಇಲ್ಲ 000ದಲ್ಲಿ ಮುಗಿಯೋ ಕಡೆ ಶುರುವಾಗಿ 512ರ ಇಲ್ಲ 4096ರ ಲೆಕ್ಕದಲ್ಲಿ ಇಡೀ ಬ್ಲಾಕೇ ಸೊನ್ನೆ ಇದ್ರೆ ಅದು ಪೆನ್‌ಡ್ರೈವಿಗೆ ಬರೆಯೋವಾಗ ಆಗಿರೋದು, ಸೆಕ್ಟರ್ ಕ್ಲಸ್ಟರ್ ಲೆಕ್ಕ ಅದು, ರೋಮ್ ಚಿಪ್ಪಿಗೆ ಆ ಲೆಕ್ಕ ಗೊತ್ತಿಲ್ಲ. ಅಲ್ಲೊಂದು ಇಲ್ಲೊಂದು ಒಂಟಿ ಬೈಟು, ಅದರಲ್ಲೂ ಒಂದೇ ಬಿಟ್ ಬದಲಾಗಿದ್ರೆ ಆಗ ಹಾರ್ಡ್‌ವೇರ್ ಮೇಲೆ ಅನುಮಾನ ಪಡ್ಬೇಕು. ಒಂದು ಜಾಗದಿಂದ ಕೊನೆವರೆಗೂ ಎಲ್ಲಾ ಬೇರೆ ಅಂದ್ರೆ ಡೇಟಾ ಜರುಗಿದೆ ಅಂತ, ನಡುವೆ ಒಂದು ತುಂಡು ಬಿಟ್ಟು ಹೋಗಿರತ್ತೆ. ರಿಸಲ್ಟ್ ಹಾಕಿ ನೋಡೋಣ.


ಉಣಕಲ್_ಕೆರೆ:

ಭಟ್ರು ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ಇಂಥವು ಭಾಳ ನೋಡೇನಿ, ಹತ್ತಕ್ಕ ಒಂಬತ್ತು ಪೆನ್‌ಡ್ರೈವಿಂದೇ ಆಗಿರ್ತೈತಿ. ಪಿಎಸ್2ದಾಗ ಇರೋದು ಯುಎಸ್‌ಬಿ 1.1, ಸೆಕೆಂಡಿಗೆ ಜಾಸ್ತಿ ಅಂದ್ರ 12 ಮೆಗಾಬಿಟ್, ಈಗಿನ 64 ಜಿಬಿ 128 ಜಿಬಿ ಡ್ರೈವ್ ಕೆಲವು ಅದಕ್ಕ ಸರಿ ಹೊಂದಂಗಿಲ್ಲ, ಓದೂದು ಓದ್ತಾವ, ಬರಿಯೋ ಮುಂದ ಕೈ ಕೊಡ್ತಾವ. ಹಳೇ ಸಣ್ಣ ಡ್ರೈವ್ ಒಂದು ಹುಡುಕ್ರಿ, ಎಂಬಿಆರ್ ಪಾರ್ಟಿಷನ್ ಇಟ್ಟು ಎಫ್‌ಎಟಿ32 ಫಾರ್ಮ್ಯಾಟ್ ಮಾಡ್ರಿ, ಕ್ವಿಕ್ ಬ್ಯಾಡ, ಫುಲ್ ಮಾಡ್ರಿ. ನಡುವ ಹಬ್, ಎಕ್ಸ್‌ಟೆನ್ಷನ್ ವಾಯರ್ ಏನೂ ಬ್ಯಾಡ, ಸೀದಾ ಮುಂದಿನ ಪೋರ್ಟಿಗೆ ಹಾಕ್ರಿ. ಟೂಲು ಮುಗೀತು ಅಂತ ಸ್ಕ್ರೀನ್ ಮ್ಯಾಲೆ ಬಂದ್ರೂ ಲಗೂನ ಕೀಳಬ್ಯಾಡ್ರಿ, ಲೈಟ್ ಮಿಣುಕೂದು ನಿಂತ ಮ್ಯಾಲೂ ಒಂದೀಟು ತಡೀರಿ.

ಇನ್ನ ಮಾಡ್‌ಚಿಪ್ ಇದ್ದದ್ದಕ್ಕ ಒಂದು ಮಾತು. ಆಗಿನ ಚಿಪ್ಪುಗಳ ವಾಯರ್ ಬಯೋಸ್ ಚಿಪ್ಪಿನ ಡೇಟಾ ಲೈನಿಗೇ ಬೆಸುಗೆ ಹಾಕಿರ್ತಾರ. ಕನ್ಸೋಲ್ ಬೂಟ್ ಆಗೋ ಮುಂದ ಪ್ರೊಸೆಸರ್ ಕೇಳಿದ ಬೈಟಿನ ಬದ್ಲಿ ಬ್ಯಾರೆ ಬೈಟ್ ಕೊಡೂದು ಅದರ ಕೆಲಸ. ಬೂಟ್ ಆದ ಮ್ಯಾಲೆ ಹೆಚ್ಚಿನವು ಸುಮ್ನಾಗ್ತಾವ, ಆದ್ರ ಡಂಪ್ ತಗೊಳ್ಳೋ ಮುಂದ ಆಫ್ ಮಾಡಿಟ್ರ ಅನುಮಾನನ ಇರೂದಿಲ್ಲ. ಭಾಳ ಚಿಪ್ಪಿಗೆ ಪವರ್ ಇಲ್ಲಾ ರೀಸೆಟ್ ಬಟನ್ ಒತ್ತಿ ಹಿಡಿದು ಆನ್ ಮಾಡಿದ್ರ ಚಿಪ್ ಆಫ್ ಆಗಿ ಬೂಟ್ ಆಗ್ತೈತಿ, ನಿಮ್ಮದು ಯಾವ ಚಿಪ್ ಅನ್ನೂದರ ಮ್ಯಾಲೆ ಹೋಗ್ತೈತಿ. ಮಾಡ್‌ಚಿಪ್ ಕೆಟ್ಟ ಡಂಪ್ ಕೊಟ್ರ ಎರಡೂ ಸಲ ಒಂದ ಥರಾ ಕೊಡ್ತೈತಿ, ನಿಮ್ಮಂಗ ಬ್ಯಾರೆ ಬ್ಯಾರೆ ಬರಂಗಿಲ್ಲ, ಅದಕ್ಕ ನನಗ ಪೆನ್‌ಡ್ರೈವ್ ಮ್ಯಾಲೇ ಅನುಮಾನ.

ಸ್ಲಿಮ್ ಇದ್ದವರು ಯಾರರೆ ಓದಾಕತ್ತಿದ್ರ ಅವರಿಗೂ ಹೇಳ್ತೇನಿ, 90000 ಸರಣ್ಯಾಗ ರೋಮ್ 2.30 ಬಂದಿದ್ರ ಫ್ರೀ ಎಂಸಿಬೂಟ್ ನಡಿಯಂಗಿಲ್ಲ, ಓಪನ್‌ಟ್ಯೂನಾ ಇಲ್ಲಾ ಫಾರ್ಚೂನಾ ಹಾಕ್ಕೊಬೇಕು. ಅದರಾಗೂ ಬಯೋಸ್‌ಡ್ರೇನ್ ಹಂಗ ಓಡ್ತೈತಿ.


ನಿರ್ವಾಹಕ:

ಶಿವು ಅವರ ಪ್ರಶ್ನೆಗೆ. ಇಲ್ಲಿ ಬಯೋಸ್ ಫೈಲಾಗಲಿ, ಅದರ ಲಿಂಕಾಗಲಿ ಹಾಕುವಂತಿಲ್ಲ, ಹ್ಯಾಶ್ ಮತ್ತು ಸೈಜ್ ಹಾಕಬಹುದು. ಬಯೋಸ್ ಒಂದು ಕಂಪ್ಯೂಟರ್ ಪ್ರೋಗ್ರಾಂ, ಅದರ ಕೃತಿಸ್ವಾಮ್ಯ ಸೋನಿಯದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52(1)(ಎಎ)ಯಲ್ಲಿ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡವರು ಅದು ಹಾಳಾದರೆ ಇರಲಿ ಅಂತ ಬ್ಯಾಕಪ್ ಮಾಡಿಕೊಳ್ಳೋದಕ್ಕೆ ಅವಕಾಶ ಇದೆ. ಊರಿಗೆಲ್ಲಾ ಹಂಚೋದಕ್ಕೆ ಇಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮನ್ನೂ ಓದಿಕೊಳ್ಳಿ, ಡಿಜಿಟಲ್ ಬೀಗ ಮುರಿಯೋದರ ಬಗ್ಗೆ ಅದು.

ಎಮ್ಯುಲೇಟರ್ ಜೊತೆಗೇ ಬಯೋಸ್ ಯಾಕೆ ಕೊಡಲ್ಲ ಅಂತ ಪದೇ ಪದೇ ಕೇಳ್ತಾರೆ, ಕಾರಣ ಇದೇ. ಪಿಎಸ್1 ಕಾಲದಲ್ಲಿ ಕನೆಕ್ಟಿಕ್ಸ್ ಅನ್ನೋ ಕಂಪನಿ 1999ರಲ್ಲಿ ವರ್ಚುಯಲ್ ಗೇಮ್ ಸ್ಟೇಷನ್ ಬಿಟ್ಟಾಗ ಸೋನಿಯ ಬಯೋಸ್ ಹಾಕಿರಲಿಲ್ಲ, ಅದನ್ನು ಅಭ್ಯಾಸ ಮಾಡಿ ಅದೇ ಕೆಲಸ ಮಾಡೋ ಕೋಡ್ ತಾವೇ ಬರೆದಿದ್ದರು. ಸೋನಿ ಕೇಸ್ ಹಾಕಿತು, 2000ದಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟಿತು. ಪಿಎಸ್2 ವಿಷಯದಲ್ಲಿ ಪಿಸಿಎಸ್‌ಎಕ್ಸ್2 ಈಗಲೂ ಅಸಲಿ ಡಂಪನ್ನೇ ಕೇಳತ್ತೆ. ಹಾಗಾಗಿ ಡಂಪ್ ತೆಗೆಯೋದು, ಪರೀಕ್ಷೆ ಮಾಡೋದು ಕಲಿಯಬೇಕಾದ ಕೆಲಸವೇ, ಈ ಚರ್ಚೆ ಮುಂದುವರಿಸಿ.


ಒಂಟಿಕೊಪ್ಪಲ್_ಗೇಮರ್:

ಭಟ್ರೇ, ಕೆರೆಯವರೇ, ತುಂಬಾ ಥ್ಯಾಂಕ್ಸ್. ಎಫ್‌ಸಿ ಹಾಕಿ ನೋಡ್ದೆ, ಸಾವಿರಾರು ಲೈನ್ ಬಂತು, ಮೊದ್ಲು ಗಾಬರಿ ಆಯ್ತು, ಆಮೇಲೆ ನೀವು ಹೇಳ್ದಂಗೆ ಶುರು ಕೊನೆ ಮಾತ್ರ ನೋಡಿದ್ರೆ ಎಲ್ಲಾ ಮೂರ್ನಾಕು ಗುಂಪಲ್ಲಿದೆ. ಮೊದಲನೇ ಫೈಲಲ್ಲಿ ಹೆಕ್ಸ್ ವಿಳಾಸ 2000ದಿಂದ 4096 ಬೈಟ್ ಪೂರ್ತಿ ಸೊನ್ನೆ. ಎರಡನೇ ಫೈಲಲ್ಲಿ ಆ ಜಾಗ ತುಂಬಿದೆ, ರೀಸೆಟ್ ಅನ್ನೋ ಹೆಸರು ಅಲ್ಲೇ ಸಿಕ್ತು, ಅದರ ಕೆಳಗೆ ರೋಮ್‌ಡಿರ್, ಎಕ್ಸ್‌ಟಿನ್ಫೋ, ರೋಮ್‌ವರ್ ಅಂತ ಸಾಲಾಗಿ ಹೆಸರುಗಳು, ನೋಡಿ ಖುಷಿ ಆಯ್ತು. ಆದ್ರೆ ಎರಡನೇ ಫೈಲಲ್ಲಿ 180000ದಿಂದ 8192 ಬೈಟ್ ಸೊನ್ನೆ, ಮೊದಲನೇದರಲ್ಲಿ ಅಲ್ಲಿ ಡೇಟಾ ಇದೆ. ಎಲ್ಲಾ ಕಡೇನೂ ಶುರು ಆಗೋದು 000ದಲ್ಲೇ. ಅಂದ್ರೆ ಪೆನ್‌ಡ್ರೈವೇ ಅಂತಾಯ್ತಲ್ವಾ?

ಒಂದು ಡೌಟು, ಒಂದರಲ್ಲಿ ಕೆಟ್ಟಿರೋ ಬ್ಲಾಕನ್ನ ಇನ್ನೊಂದರಿಂದ ಕಾಪಿ ಮಾಡಿ ಜೋಡಿಸಿದ್ರೆ ಸರಿ ಹೋಗಲ್ವಾ? ಇನ್ನೊಂದ್ಸಲ ಡಂಪ್ ತೆಗೆಯೋದು ತಪ್ಪತ್ತೆ.


ಹೆಕ್ಸ್_ಭಟ್ರು:

ಹೌದು, ಪೆನ್‌ಡ್ರೈವೇ. 4096 ಅನ್ನೋದು ಆ ಡ್ರೈವಿನ ಕ್ಲಸ್ಟರ್ ಸೈಜ್ ಇರ್ಬೇಕು, ಫಾರ್ಮ್ಯಾಟ್ ವಿವರದಲ್ಲಿ ನೋಡಿ.

ಜೋಡಿಸೋದು ಬೇಡ. ಎರಡರಲ್ಲೂ ಒಂದೇ ಕಡೆ ಕೆಟ್ಟಿದ್ರೆ ಎಫ್‌ಸಿ ಅದನ್ನ ತೋರ್ಸೋದೇ ಇಲ್ಲ, ಎರಡೂ ಸೊನ್ನೆ ಅಂದ್ರೆ ಅದರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ರೋಮ್ ಒಳಗೆ ನಿಜವಾಗ್ಲೂ ಸೊನ್ನೆ ತುಂಬಿರೋ ಖಾಲಿ ಜಾಗಗಳೂ ಇರ್ತವೆ, ಯಾವುದು ಅಸಲಿ ಖಾಲಿ ಯಾವುದು ಬರೆಯದೇ ಬಿಟ್ಟ ಖಾಲಿ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಜೋಡಿಸಿದ ಫೈಲ್ ಡ್ಯಾಟಿಗೆ ಹೊಂದಿದ್ರೆ ಸರಿ, ಹೊಂದ್ಲಿಲ್ಲ ಅಂದ್ರೆ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ತೀರ. ಬೇರೆ ಡ್ರೈವ್ ಹಾಕಿ ಹೊಸದಾಗಿ ಎರಡು ಡಂಪ್ ತೆಗೀರಿ, ಎರಡರ ನಡುವೆ ಕನ್ಸೋಲ್ ಪೂರ್ತಿ ಆಫ್ ಮಾಡಿ, ಸಾಧ್ಯ ಆದ್ರೆ ಎರಡನೇದನ್ನ ಇನ್ನೊಂದು ಡ್ರೈವಿಗೆ ತೆಗೀರಿ. ಒಂದೇ ಡ್ರೈವಲ್ಲಿ ಒಂದೇ ತಪ್ಪು ಎರಡು ಸಲ ಆಗ್ಬಹುದು, ಬೇರೆ ಬೇರೆ ಡ್ರೈವಲ್ಲಿ ಅದೇ ಬೈಟ್ ಅದೇ ರೀತಿ ತಪ್ಪೋದು ನಡೆಯಲ್ಲ.

ಎರಡೂ ಹೊಂದಿದ ಮೇಲೆ ಡ್ಯಾಟ್ ನೋಡಿ. ವಿಂಡೋಸಲ್ಲೇ ಸರ್ಟ್‌ಯುಟಿಲ್ ಇದೆ, ಹ್ಯಾಶ್‌ಫೈಲ್ ಅಂತ ಕೊಟ್ಟು ಫೈಲ್ ಹೆಸರು, ಎಸ್‌ಎಚ್‌ಎ1 ಅಂತ ಹಾಕಿದ್ರೆ ಸಾಕು. ಡ್ಯಾಟ್ ಫೈಲ್ ಬರೀ ಎಕ್ಸ್‌ಎಂಎಲ್, ನೋಟ್‌ಪ್ಯಾಡಲ್ಲಿ ತೆಗೆದು ಹ್ಯಾಶಿನ ಮೊದಲ ಏಳೆಂಟು ಅಕ್ಷರ ಹುಡುಕಿ. ಹುಡುಕೋದು ಹ್ಯಾಶಿಂದ ಹುಡುಕಿ, ಮಾಡೆಲ್ ಹೆಸರಿಂದ ಹುಡುಕ್ಬೇಡಿ, ಯಾಕಂದ್ರೆ ಒಂದೇ ರೋಮ್ ವರ್ಷನ್ ಹಲವು ಮಾಡೆಲಲ್ಲಿ ಬಂದಿರತ್ತೆ, ಒಂದೇ ಮಾಡೆಲಲ್ಲಿ ಬೇರೆ ಬೇರೆ ವರ್ಷನ್ನೂ ಬಂದಿರತ್ತೆ.

ಎನ್‌ವಿಎಂ ಲಿಸ್ಟಲ್ಲಿ ಇಲ್ಲ ಅಂದ್ರಲ್ಲ, ಇರೋಕೇ ಸಾಧ್ಯ ಇಲ್ಲ. ಅದು 1024 ಬೈಟಿನ ಇಇಪ್ರೋಮ್, ನಿಮ್ಮ ಭಾಷೆ, ಸ್ಕ್ರೀನ್ ಸೆಟ್ಟಿಂಗು, ಆ ಕನ್ಸೋಲಿನ ಐಡಿ ಎಲ್ಲಾ ಇರೋದು ಅಲ್ಲಿ. ಪ್ರತಿ ಕನ್ಸೋಲಿಗೂ ಬೇರೆ, ಮೆನುವಲ್ಲಿ ಭಾಷೆ ಬದಲಾಯಿಸಿದ್ರೆ ನಿಮ್ಮದೇ ನಾಳೆ ಬೇರೆ. ಎಂಇಸಿ 4 ಬೈಟ್ ಮಾತ್ರ. ಇವೆರಡೂ ಇಲ್ಲ ಅಂದ್ರೆ ಪಿಸಿಎಸ್‌ಎಕ್ಸ್2 ತಾನೇ ಒಂದು ಡೀಫಾಲ್ಟ್ ಮಾಡ್ಕೊಳ್ಳತ್ತೆ. ರೋಮ್1, ಇರೋಮ್ ಡಿವಿಡಿ ಪ್ಲೇಯರಿಗೆ ಸಂಬಂಧಪಟ್ಟವು, ಗೇಮಿಗೆ ಬೇಕಾಗಲ್ಲ, ಆದ್ರೂ ತೆಗೆದಿಟ್ಕೊಳ್ಳಿ, ಕನ್ಸೋಲ್ ಹೋದ್ಮೇಲೆ ಮತ್ತೆ ಸಿಗಲ್ಲ.


ಕಡಲ_ಪಿಕ್ಸೆಲ್:

ಇದೇ ತರದ್ದು ನನ್ನದೊಂದು ಉಂಟು ಮಾರಾಯ್ರೆ, ಇಲ್ಲಿಯೇ ಕೇಳ್ತೇನೆ. ನಿಂಟೆಂಡೊ ಡಿಎಸ್ ಲೈಟಿಂದ ಡಂಪ್ ತೆಗೆದದ್ದು, ಅದರಲ್ಲಿ ಎಆರ್‌ಎಂ9, ಎಆರ್‌ಎಂ7 ಅಂತ ಎರಡು ಪ್ರೊಸೆಸರ್ ಉಂಟು, ಎಆರ್‌ಎಂ9 ಬಯೋಸ್ 4096 ಬೈಟು, ಎಆರ್‌ಎಂ7 ಬಯೋಸ್ 16,384 ಬೈಟು, ಫರ್ಮ್‌ವೇರ್ 2,62,144 ಬೈಟು. ಎರಡೆರಡು ಸಲ ತೆಗೆದೆ, ಹ್ಯಾಶ್ ಎರಡೂ ಸಲ ಒಂದೇ. ಎಆರ್‌ಎಂ9 ಲಿಸ್ಟಿಗೆ ಹೊಂದ್ತದೆ, ಎಆರ್‌ಎಂ7 ಹೊಂದುದಿಲ್ಲ, ಫರ್ಮ್‌ವೇರ್ ಎಲ್ಲಿಯೂ ಇಲ್ಲ. ಎಆರ್‌ಎಂ7 ಫೈಲ್ ತೆರೆದು ನೋಡಿದ್ರೆ ಶುರುವಿಂದ ಸುಮಾರು ದೂರ ಬರೀ ಎಫ್‌ಎಫ್ ಎಫ್‌ಎಫ್ ಅಂತ ತುಂಬಿದೆ. ಪೆನ್‌ಡ್ರೈವ್ ಎಲ್ಲ ಇಲ್ಲ ಇಲ್ಲಿ, ಫ್ಲ್ಯಾಶ್‌ಕಾರ್ಟಿನ (ಗೇಮ್ ಕಾರ್ಡ್ ಜಾಗದಲ್ಲಿ ಹಾಕುವ ಕಾರ್ಡ್) ಎಸ್‌ಡಿ ಕಾರ್ಡಿಗೇ ಬರೆದದ್ದು. ಎಂತ ಆಗಿರಬಹುದು?


ಹೆಕ್ಸ್_ಭಟ್ರು:

ಇದು ತುಂಬಾ ಒಳ್ಳೇ ಪ್ರಶ್ನೆ, ಎರಡು ಡಂಪ್ ಹೊಂದಿದ್ರೂ ತಪ್ಪಿರೋಕೆ ಸಾಧ್ಯ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಇಲ್ಲ. ಎಫ್‌ಎಫ್ ಎಷ್ಟು ಬೈಟಿದೆ ಎಣಿಸಿ, 4612 ಬರ್ಬೇಕು, ಹೆಕ್ಸಲ್ಲಿ 1204.

ಡಿಎಸ್‌ನಲ್ಲಿ ಬಯೋಸ್ ಕಾಯೋಕೆ ಅಂತಾನೇ ಒಂದು ರಿಜಿಸ್ಟರ್ ಇದೆ, ಬೂಟ್ ಆಗೋವಾಗ ಅದಕ್ಕೆ 1204 ಅಂತ ಬರೆದ್ಬಿಡತ್ತೆ. ಆಮೇಲೆ ಎಆರ್‌ಎಂ7 ಬಯೋಸಿನ ಮೊದಲ 1204 ಹೆಕ್ಸ್ ಬೈಟನ್ನ ಹೊರಗಿನ ಯಾವ ಪ್ರೋಗ್ರಾಂ ಓದೋಕೆ ಹೋದ್ರೂ ಎಫ್‌ಎಫ್ ಸಿಗತ್ತೆ, ಬಯೋಸಿನ ಆ ಭಾಗದ ಒಳಗಿರೋ ಕೋಡ್ ಓದಿದ್ರೆ ಮಾತ್ರ ಅಸಲಿ ಬೈಟು. ಅಷ್ಟು ಬಂದೋಬಸ್ತ್ ಯಾಕಂದ್ರೆ 30 ಹೆಕ್ಸ್ ವಿಳಾಸದಿಂದ 4168 ಬೈಟ್ ಇರೋದು ಬ್ಲೋಫಿಶ್ ಕೀ ಟೇಬಲ್, ಗೇಮ್ ಕಾರ್ಡಿನ ಎನ್‌ಕ್ರಿಪ್ಷನ್ ಶುರುವಾಗೋದೇ ಅದರಿಂದ. ನಿಮ್ಮ ಟೂಲ್ ಆ ಭಾಗದ ಹೊರಗಿಂದ ಓದಿದೆ, ಹಾರ್ಡ್‌ವೇರ್ ಪ್ರತಿ ಸಲಾನೂ ಅದೇ ಎಫ್‌ಎಫ್ ಕೊಟ್ಟಿದೆ, ಹಾಗಾಗಿ ಹ್ಯಾಶ್ ಎರಡು ಸಲಾನೂ ಒಂದೇ. ಸರಿಯಾದ ಟೂಲುಗಳು ಬಯೋಸ್ ಒಳಗೇ ಇರೋ ಒಂದು ಲೋಡ್ ಇನ್‌ಸ್ಟ್ರಕ್ಷನ್ನಿಗೆ ಜಂಪ್ ಮಾಡಿ, ಓದೋ ಕೆಲಸ ಬಯೋಸ್ ಕೈಲೇ ಮಾಡಿಸ್ತವೆ. ಡಿಎಸ್‌ಬಿಎಫ್ ಡಂಪ್ ಅಂತ ಹೋಮ್‌ಬ್ರೂ (ಹವ್ಯಾಸಿಗಳು ಬರೆದ ಪ್ರೋಗ್ರಾಂ) ಇದೆ, ಅದರಲ್ಲಿ ತೆಗೀರಿ. ಎಆರ್‌ಎಂ7 ಸಿಆರ್‌ಸಿ32 (ಹ್ಯಾಶ್ ತರದ್ದೇ ಚಿಕ್ಕ ಚೆಕ್‌ಸಮ್) 1280ಎಫ್0ಡಿ5 ಬರ್ಬೇಕು, ಎಆರ್‌ಎಂ9 2ಎಬಿ23573. ಈ ಕೆಟ್ಟ ಫೈಲ್ ಇಟ್ಕೊಂಡು ಮೆಲನ್‌ಡಿಎಸ್ ಅನ್ನೋ ಡಿಎಸ್ ಎಮ್ಯುಲೇಟರ್ ಓಡಿಸಿದ್ರೆ ಕೀ ಟೇಬಲ್ ಸಿಗದೇ ಗೇಮ್ ಕಾರ್ಡ್ ಬೂಟ್ ಆಗಲ್ಲ. ಈಗಿನ ಮೆಲನ್‌ಡಿಎಸ್ ಜೊತೆ ಬರೋ ಉಚಿತ ಬಯೋಸಲ್ಲೇ ಎಷ್ಟೋ ಗೇಮ್ ನಡೀತವೆ, ಡಿಎಸ್ ಮೆನುವಿಂದಲೇ ಬೂಟ್ ಆಗ್ಬೇಕು ಅಂದ್ರೆ ಮಾತ್ರ ಅಸಲಿದು ಬೇಕು.

ಫರ್ಮ್‌ವೇರ್ ಎಲ್ಲಿಯೂ ಸಿಗಲ್ಲ, ಅದು ಪಿಎಸ್2 ಎನ್‌ವಿಎಂ ತರಾನೇ. 36 ಹೆಕ್ಸಲ್ಲಿ ನಿಮ್ಮ ಡಿಎಸ್‌ನ ವೈಫೈ ಮ್ಯಾಕ್ ವಿಳಾಸ ಇದೆ, ಕೊನೇಲಿ ನಿಮ್ಮ ಹೆಸರು ಹುಟ್ಟಿದ ದಿನ ಇರೋ ಸೆಟ್ಟಿಂಗು ಎರಡು ಪ್ರತಿ ಇದೆ. ಅದನ್ನ ಪರೀಕ್ಷೆ ಮಾಡೋದು ಒಳಗಿನ ಚೆಕ್‌ಸಮ್ ಇಟ್ಕೊಂಡು, ವೈಫೈ ಭಾಗಕ್ಕೆ, ಎರಡು ಸೆಟ್ಟಿಂಗಿಗೆ ಬೇರೆ ಬೇರೆ ಸಿಆರ್‌ಸಿ16 ಅಲ್ಲೇ ಬರೆದಿರತ್ತೆ. 8ನೇ ಬೈಟಿಂದ ಇಂಗ್ಲಿಷ್ ಎಂ ಎ ಸಿ ಅಕ್ಷರ ಕಾಣ್ಬೇಕು. 1ಡಿ ವಿಳಾಸದಲ್ಲಿ 20 ಇದ್ರೆ ಡಿಎಸ್ ಲೈಟು, ಎಫ್‌ಎಫ್ ಇದ್ರೆ ಮೊದಲ ಡಿಎಸ್. ಡಿಎಸ್‌ಐ ಇಲ್ಲ 3ಡಿಎಸ್‌ನಿಂದ ತೆಗೆದ್ರೆ 1,31,072 ಬೈಟ್ ಮಾತ್ರ ಬರತ್ತೆ, ಅದರಲ್ಲಿ ಬೂಟ್ ಕೋಡ್ ಇಲ್ಲ, ಮೆನು ಬರಲ್ಲ. ಇನ್ನೊಂದು, ಎಮ್ಯುಲೇಟರ್ ಒಳಗೆ ಸೆಟ್ಟಿಂಗ್ ಬದಲಾಯಿಸಿದ್ರೆ ಫರ್ಮ್‌ವೇರ್ ಫೈಲಿಗೇ ಬರೆಯತ್ತೆ, ನಾಳೆ ಹ್ಯಾಶ್ ಬದಲಾಗಿದೆ ಅಂತ ಕೆಟ್ಟಿದೆ ಅಂದ್ಕೋಬೇಡಿ, ಮೂಲ ಕಾಪಿ ರೀಡ್ ಓನ್ಲಿ ಮಾಡಿ ಬೇರೆ ಕಡೆ ಇಡಿ. ದಯವಿಟ್ಟು ಆ ಫೈಲನ್ನ ಚೆಕ್ ಮಾಡಿ ಕೊಡಿ ಅಂತ ಯಾರಿಗೂ ಕಳಿಸ್ಬೇಡಿ, ನೀವು ಹಿಂದೆ ಸೇವ್ ಮಾಡಿದ ವೈಫೈ ಹೆಸರು ಪಾಸ್‌ವರ್ಡ್ ಕೂಡ ಅದರಲ್ಲೇ ಇರತ್ತೆ.

ಡಿಎಸ್‌ನಿಂದ ಗೇಮ್‌ಬಾಯ್ ಅಡ್ವಾನ್ಸ್ ಬಯೋಸ್ ತೆಗೆದವರಿಗೂ ಹೀಗೇ ಗೊಂದಲ ಆಗತ್ತೆ. 16 ಕೆಬಿಯಲ್ಲಿ 3ಎಫ್0ಸಿ ವಿಳಾಸದ ಒಂದೇ ಒಂದು ಬೈಟು, ಅಸಲಿ ಅಡ್ವಾನ್ಸಲ್ಲಿ 00, ಡಿಎಸ್‌ನಲ್ಲಿ 01. ಹ್ಯಾಶ್ ಪೂರ್ತಿ ಬೇರೆ ಬರತ್ತೆ, ಡಂಪ್ ಮಾತ್ರ ಸರಿಯಾಗೇ ಇದೆ.


ಕಡಲ_ಪಿಕ್ಸೆಲ್:

ಎಣಿಸಿದೆ, ಸರೀ 4612! ಟೂಲ್ ಬದಲಿಸಿ ತೆಗೆದೆ, ಸಿಆರ್‌ಸಿ ನೀವು ಹೇಳಿದ್ದೇ ಬಂತು. ಫರ್ಮ್‌ವೇರಿನ ವೈಫೈ ಪಾಸ್‌ವರ್ಡ್ ವಿಷಯ ಗೊತ್ತೇ ಇರಲಿಲ್ಲ, ಉಪಕಾರ ಆಯ್ತು.


ಸ್ಪೀಡ್‌ರನ್_ಶಿವು:

ಇದನ್ನೆಲ್ಲ ಓದಿ ನಾನೂ ಚಿಕ್ಕಪ್ಪನ ಪಿಎಸ್2 ಕೆಳಗಿಳಿಸಿದೀನಿ. ಫೋನಲ್ಲಿ ನೆದರ್‌ಎಸ್‌ಎಕ್ಸ್2 ಅನ್ನೋ ಪಿಎಸ್2 ಎಮ್ಯುಲೇಟರ್ ಹಾಕಿದ್ರೂ ಇದೇ ಡಂಪ್ ನಡೆಯತ್ತಾ? ಮತ್ತೆ ಪಿಎಸ್3 ಎಮ್ಯುಲೇಟರಿಗೂ ಹಿಂಗೇ ಕನ್ಸೋಲಿಂದ ತೆಗೀಬೇಕಾ?


ಉಣಕಲ್_ಕೆರೆ:

ನಡೀತೈತಿ ಶಿವು, ಅದು ಪಿಸಿಎಸ್‌ಎಕ್ಸ್2 ಕೋಡಿಂದನ ಹುಟ್ಟಿದ್ದು, ರೋಮ್0 ಫೈಲ್ ಅದ ಬೇಕು. ಫೋನಿಗೆ ಹಾಕೋ ಮುಂದ ಮೆಸೇಜ್ ಆಪಿನ್ಯಾಗ ಕಳಿಸಬ್ಯಾಡ, ಕೇಬಲ್ ಹಾಕಿ ಸೀದಾ ಕಾಪಿ ಮಾಡು, ಮ್ಯಾಲೆ ಫೋನಿನ್ಯಾಗಿನ ಫೈಲಿಗೂ ಹ್ಯಾಶ್ ತಗದು ಕಂಪ್ಯೂಟರಿನ್ಯಾಗಿನದಕ್ಕ ತಾಳೆ ನೋಡು. ಪಿಎಸ್3ಗೆ ಡಂಪ್ ಬ್ಯಾಡ, ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್ ಫೈಲ್ ಸೋನಿನ ತನ್ನ ಸೈಟಿನ್ಯಾಗ ಇಟ್ಟೈತಿ, ಪಿಯುಪಿ ಫೈಲ್, ಆರ್‌ಪಿಸಿಎಸ್3 ಅನ್ನೋ ಪಿಎಸ್3 ಎಮ್ಯುಲೇಟರ್ ಅದನ್ನ ಇನ್‌ಸ್ಟಾಲ್ ಮಾಡ್ಕೊಂತೈತಿ. ಇನ್‌ಸ್ಟಾಲ್ ಫೇಲ್ ಅಂತ ಬಂದ್ರ ಮೊದಲ ಡೌನ್‌ಲೋಡ್ ಪೂರ್ತಿ ಆಗೈತೋ ಇಲ್ಲೋ ನೋಡು, ಹೆಕ್ಸ್ ಎಡಿಟರಿನ್ಯಾಗ ತಗದ್ರ ಫೈಲ್ ಶುರು ಆಗೂದು ಎಸ್ ಸಿ ಇ ಯು ಎಫ್ ಅನ್ನೋ ಅಕ್ಷರದಿಂದ ಇರಬೇಕು, ಬ್ಯಾರೆ ಏನರೆ ಇದ್ರ ಅದು ವೆಬ್ ಪೇಜ್ ಇಳಿಸ್ಕೊಂಡಿದ್ದಿರ್ತೈತಿ.


ಒಂಟಿಕೊಪ್ಪಲ್_ಗೇಮರ್:

ಅಪ್‌ಡೇಟ್ ಕೊಡ್ತಿದೀನಿ. ಪಕ್ಕದ ಮನೆಯವರ ಹತ್ರ 2 ಜಿಬಿ ಹಳೇ ಡ್ರೈವ್ ಒಂದಿತ್ತು, ನನ್ನ ಹತ್ರ 4 ಜಿಬಿದು ಸಿಕ್ತು, ಎರಡನ್ನೂ ಫುಲ್ ಫಾರ್ಮ್ಯಾಟ್ ಮಾಡಿ, ಮಾಡ್‌ಚಿಪ್ ಆಫ್ ಮಾಡಿ ಬೂಟ್ ಮಾಡಿ, ಒಂದೊಂದರಲ್ಲಿ ಒಂದೊಂದು ಡಂಪ್ ತೆಗೆದೆ. ಎಫ್‌ಸಿ ಯಾವ ವ್ಯತ್ಯಾಸವೂ ಇಲ್ಲ ಅಂತು, ಎಸ್‌ಎಚ್‌ಎ-1 ಎರಡೂ ಒಂದೇ, ರೀಡಂಪ್ ಡ್ಯಾಟಲ್ಲಿ ಹುಡುಕಿದ್ರೆ ಅಲ್ಲೂ ಇದೆ! ರೋಮ್‌ವರ್ ಐದನೇ ಅಕ್ಷರ ಎಚ್. ಪಿಸಿಎಸ್‌ಎಕ್ಸ್2ನಲ್ಲಿ ಆ ನೀಲಿ ಗೋಪುರಗಳು ಬಂದು ಸೌಂಡ್ ಕೇಳಿದಾಗ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಹಳೇ ಕೆಟ್ಟ ಡಂಪಿಗೆ ಇದನ್ನ ಹೋಲಿಸಿದ್ರೆ, ಭಟ್ರು ಹೇಳ್ದಂಗೆ ಎರಡರಲ್ಲೂ ಸೊನ್ನೆ ಆಗಿದ್ದ ಒಂದು ಬ್ಲಾಕ್ ನಿಜವಾಗ್ಲೂ ಇತ್ತು, ಜೋಡಿಸಿದ್ರೆ ಅದು ಹಾಗೇ ಉಳಿದಿರ್ತಿತ್ತು.

ಕೊನೇದಾಗಿ ಒಂದೇ ಪ್ರಶ್ನೆ, ಪಿಎಸ್1 ಗೇಮಿಗೆ ಬೇರೆ ಬಯೋಸ್ ಬೇಕಾ? ಪಿಎಸ್1 ಕನ್ಸೋಲ್ ನಮ್ಮತ್ರ ಇಲ್ಲ.


ಹೆಕ್ಸ್_ಭಟ್ರು:

ತುಂಬಾ ಸಂತೋಷ. ಡಕ್‌ಸ್ಟೇಷನ್ ಅನ್ನೋ ಪಿಎಸ್1 ಎಮ್ಯುಲೇಟರ್ ಹಾಕಿ, ಅದು ಪಿಎಸ್2 ರೋಮ್0 ಕೂಡ ತಗೊಳ್ಳತ್ತೆ. ಅಸಲಿ ಪಿಎಸ್1 ಬಯೋಸ್ 5,24,288 ಬೈಟಿಂದು, ಪಿಎಸ್2 ಹಳೇ ಗೇಮ್ ಓಡಿಸ್ಬೇಕಿದ್ರಿಂದ ಅದಕ್ಕೆ ಬೇಕಾದ ಕೋಡೂ ರೋಮ್0 ಒಳಗೇ ಇದೆ. ನೀವಾಗಿ ಫೈಲ್ ಕತ್ತರಿಸೋಕೆ ಹೋಗ್ಬೇಡಿ, 4 ಎಂಬಿ ಫೈಲನ್ನ ಹಾಗೇ ಅದರ ಬಯೋಸ್ ಫೋಲ್ಡರಿಗೆ ಹಾಕಿ. ಆಮೇಲೆ ಆ ಎಲ್ಲಾ ಫೈಲುಗಳ ಜೊತೆ ಹ್ಯಾಶ್, ಮಾಡೆಲ್ ನಂಬರ್, ಯಾವ ಟೂಲಲ್ಲಿ ತೆಗೆದಿದ್ದು, ಮಾಡ್‌ಚಿಪ್ ಆಫ್ ಇತ್ತು ಅನ್ನೋದನ್ನೆಲ್ಲ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡಿ, ಆ ಹಳೇ ಪೆನ್‌ಡ್ರೈವಲ್ಲಿ ಇನ್ನೇನಾದ್ರೂ ಮುಖ್ಯವಾದ್ದು ಇದ್ರೆ ಇವತ್ತೇ ತೆಗೆದು ಬೇರೆ ಕಡೆ ಹಾಕಿ.